ಕಡೆಯ ಸಾಲಿನ ವಿಳಾಸ

ನನ್ನ ಅಕ್ಷರ ದುಂಡಗಿಲ್ಲ. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳು, ಮಾತು ಜೋಡಿಸುವುದೂ ಸರಿಯಾಗಿ ಬಾರದು. ತಪ್ಪಿದ್ದಲ್ಲಿ ದಯವಿಟ್ಟು ತಿದ್ದಿಕೊಂಡು ಓದಿ. ನಮ್ಮೂರು ಮಸ್ಕಿಯ ರೇಣುಕಾದೇವಿ ಅಕ್ಕನ ಬಗ್ಗೆ ಬರೆದಿದ್ದೇನೆ. ಅಕ್ಕ ಹೇಳಿದ್ದನ್ನು, ಆಮೇಲೆ ಓದಿಸಿ ಕೇಳಿ ಒಪ್ಪಿದ್ದನ್ನು ಮಾತ್ರ ಇಲ್ಲಿ ಇಟ್ಟಿದ್ದೇನೆ.

ರೇಣುಕಾದೇವಿ ಮುದಗಲ್ಲಿನ ಮಗಳು, ಮಸ್ಕಿಯ ಸೊಸೆ. ಗಂಡ ಮೊದಲು ಮನೆಮನೆಗೆ ಟಿ.ವಿ. ಕೇಬಲ್ ಎಳೆಯುತ್ತಿದ್ದ, ಈಗ ಅದೇ ಕಂಬಗಳ ಮೇಲೆ ಇಂಟರ್‌ನೆಟ್ ತಂತಿ ಎಳೆಯುತ್ತಾನೆ. ಕಂಬದ ಕೆಲಸ ಅವನದು, ಕಂಪ್ಯೂಟರ್ ಕೆಲಸ ಅವಳದು. ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಊರಿನ ಗಿರಾಕಿಗಳ ನೆಟ್ ಸಿಂಧನೂರಿನ ಒಂದು ಬಾಡಿಗೆ ಕೋಣೆಯ ಯಂತ್ರದ ಮೂಲಕವೇ ಹಾದು ಹೋಗಬೇಕು. ಪ್ರತಿ ಮನೆಗೂ ಒಂದು ನಂಬರು. ಅದೇ ಆ ಮನೆಯ ವಿಳಾಸ. ವಿಳಾಸಕ್ಕೊಂದು ಸಾಲು, ಆ ಸಾಲಿನಲ್ಲಿ ಎರಡು ಅಪ್ಪಣೆ: ಒಳಗೆ ಬಿಡಬೇಕೋ ಬೇಡವೋ, ಬಿಟ್ಟರೆ ಎಷ್ಟು ವೇಗ. ಮಸ್ಕಿಯ ಆಫೀಸಿನಲ್ಲಿ ಕೂತು ಈ ಸಾಲುಗಳನ್ನು ಬರೆಯುವವಳು ರೇಣುಕಾದೇವಿ.

ಇದು ಕಾಲುವೆ ಸೀಮೆ. ಮೇಲಿನ ಹೊಲಕ್ಕೆ ನೀರು ಮೊದಲು. ಟೇಲೆಂಡ್ ಅನ್ನುವ ಕಡೆಯ ಹೊಲಕ್ಕೆ ಉಳಿದರೆ ಉಂಟು. ಹಾಗಾಗಿ ಸಂಜೆ ನೆಟ್ ನಿಧಾನವಾದರೆ ಫೋನ್ ಮಾಡುವವರೆಲ್ಲ ಕೇಳುತ್ತಿದ್ದುದು ಒಂದೇ: "ನಮ್ದು ಸ್ವಲ್ಪ ಮ್ಯಾಲ ಹಾಕ್ರೀ ಅಕ್ಕಾರ." ಅವಳಿಗೂ ಅದೇ ಸರಿ ಅನ್ನಿಸುತ್ತಿತ್ತು. ಜಗಳ ಮಾಡಿದವರ ಸಾಲನ್ನು ಎತ್ತಿ ಮೇಲೆ ಇಡುತ್ತಿದ್ದಳು. ಸಿಂಧನೂರಿನ ಅಕ್ಕಿ ಗಿರಣಿಯ ದುರುಗಪ್ಪ ಎಲ್ಲರಿಗಿಂತ ಜೋರು ಬಾಯಿಯವನು; ಅವನ ಸಾಲು ಎಲ್ಲಕ್ಕಿಂತ ಮೇಲಿತ್ತು.

ಬುಧವಾರ ಹಾಜಿರಾಬೀ ಆಫೀಸಿಗೆ ಬಂದಳು. ಬೆಟ್ಟದ ಮಗ್ಗುಲ ಓಣಿಯವಳು. ಅಲ್ಲಿ ಮೊಬೈಲ್ ಸಿಗ್ನಲ್ ಬರದು, ಎಲ್ಲಕ್ಕೂ ಈ ತಂತಿಯೇ ಗತಿ. ಅವಳ ಮಗಳು ಶಾಹೀಸ್ತಾಗೆ ಹುಟ್ಟಿನಿಂದ ಕಿವಿ ಕೇಳಿಸದು, ಮಾತು ಬಾರದು. ಲಿಂಗಸುಗೂರಿನ ದಾನಿಷ್ ಎಂಬ ಹುಡುಗನ ಜೊತೆ ಮದುವೆಯ ಮಾತು ನಡೆದಿತ್ತು. ಅವನೂ ಕೈಸನ್ನೆಯಲ್ಲೇ ಮಾತಾಡುವವನು, ಹೊಲಿಗೆ ಕೆಲಸ. ಹಿರಿಯರು ಒಪ್ಪಿದ್ದರು. ಆದರೆ ಹೂಂ ಅನ್ನುವ ಮೊದಲು ಇಬ್ಬರೂ ತಾವು ಮಾತಾಡಬೇಕು ಎಂದಿದ್ದರು. ಪ್ರತಿ ಶುಕ್ರವಾರ ಸಂಜೆ ತಾಯಿ ಪಕ್ಕದಲ್ಲಿ ಕೂತು ವಿಡಿಯೋ ಕರೆ.

"ಚಿತ್ರ ನಿಂತಬಿಡತೈತಿ ಬೇಟಿ," ಎಂದಳು ಹಾಜಿರಾಬೀ. "ನೀವು ನಾವಾದ್ರ ದನಿ ಕೇಳಿ ತಿಳಕೋತೀವಿ. ಅವರದು ಕೈ ನಿಂತ್ರ ಮಾತ ನಿಂತಂಗ. ಮೂರು ಶುಕ್ರವಾರ ಹಿಂಗ ಆತು. ಹುಡುಗನ ಕಡಿಯವರು, ಈ ಸಲಾನೂ ಆಗಲಿಲ್ಲಂದ್ರ ಬ್ಯಾರೆ ಕಡಿ ನೋಡ್ತೀವಿ ಅಂದಾರ."

"ಮತ್ತ ಫೋನ್ ಯಾಕ ಮಾಡಲಿಲ್ಲ ಹಾಜಿರಾಬೀ?"

"ಮನ್ಯಾಗ ನೆಟ್ ನೋಡಾಕಿ ಅಕಿ. ಅಕಿ ಹೆಂಗ ಮಾಡ್ಬೇಕು ಫೋನು?"

ರೇಣುಕಾದೇವಿ ಪರದೆಯ ಮೇಲೆ ಆ ಮನೆಯ ಸಾಲು ಹುಡುಕಿದಳು. ಕೆಳಗೆ, ಇನ್ನೂ ಕೆಳಗೆ, ಎಲ್ಲಕ್ಕಿಂತ ಕಡೆಯಲ್ಲಿತ್ತು. ಎಂದೂ ದೂರು ಹೇಳದ ಮನೆ, ಬೇರೆಯವರು ಮೇಲೇರಿದ ಹಾಗೆಲ್ಲ ಕೆಳಗೆ ಜಾರಿತ್ತು. ಆಗಲೇ ಆ ಸಾಲನ್ನು ದುರುಗಪ್ಪನಿಗಿಂತ ಮೇಲೆ ಇಟ್ಟಳು.

ಗುರುವಾರ ಸಂಜೆ ತಾನೇ ಹಾಜಿರಾಬೀಯ ಮನೆಗೆ ಹೋಗಿ ಒಂದು ವಿಡಿಯೋ ಹಚ್ಚಿ ನೋಡಿದಳು. ಸ್ವಲ್ಪ ಹೊತ್ತು ಚೆನ್ನಾಗಿ ಬಂತು. ಮೂರೂ ಊರಿನವರು ಮೊಬೈಲು, ಟಿ.ವಿ. ಹಚ್ಚಿಕೊಂಡು ಕೂತ ಮೇಲೆ ಮತ್ತೆ ನಿಂತಿತು. ಶಾಹೀಸ್ತಾ ನಿಂತ ಚಿತ್ರವನ್ನೂ ರೇಣುಕಾದೇವಿಯ ಮುಖವನ್ನೂ ನೋಡಿದಳು. ಓಣಿ ದಾಟಿ ಸಿಗ್ನಲ್ ಸಿಗುವಲ್ಲಿಗೆ ಬಂದೊಡನೆ ದುರುಗಪ್ಪನ ಫೋನು.

"ಏನವಾ ರೇಣುಕಾ, ನನ್ನ ಟೇಲೆಂಡಿಗೆ ತಳ್ಳೀಯೇನು?"

"ಇಲ್ಲ್ರೀ ಯಜಮಾನ್ರ, ನೀವು ಎರಡನೇದವ್ರು ಅದೀರಿ."

"ಎರಡನೇದಕ್ಕ ಯಾಕ ಇಳದೆ? ನಾ ಏನ್ ತಪ್ಪು ಮಾಡೀನಿ?"

ದಾರಿಯಲ್ಲೇ ನಿಂತು ಅವಳು ಸಿಂಧನೂರಿನ ಪರ್ವೇಜನಿಗೆ ಫೋನ್ ಮಾಡಿದಳು. ಯಂತ್ರ ಕೂಡಿಸಿಕೊಟ್ಟವನು ಅವನೇ. ಎಲ್ಲ ಕೇಳಿ ನಕ್ಕ.

"ಅಕ್ಕಾ, ಇದು ಕಾಲುವಿ ಅಲ್ಲ. ಯಾರ ಮನಿಗೆ ಏನ ಬಂದ್ರೂ ಯಂತ್ರ ಮೊದಲನೇ ಸಾಲಿಂದ ಓದಕೋತ ಹೊಂಟತೈತಿ, ಇದಲ್ಲ, ಇದಲ್ಲ ಅನಕೋತ. ಹೊಸಬ ಊರಿಗೆ ಬಂದು ಒಂದೊಂದ ಬಾಗಿಲಾ ಬಡದು ಹಾಜಿರಾಬೀ ಮನಿ ಇದೇನ್ರಿ ಅಂತ ಕೇಳಿದಂಗ. ಒಂದು ಊರು ಇದ್ದಾಗ ನಡೀತು. ಈಗ ಮೂರು ಊರು. ಅದಕ್ಕ ಓದೂದ್ರಾಗ ದಮ್ಮು ಹತ್ತೈತಿ. ಅದಕ್ಕ ದಮ್ಮು ಹತ್ತಿದ್ರ ಮ್ಯಾಲಿದ್ದಾವಗೂ ಇಲ್ಲ, ಕೆಳಗಿದ್ದಾವಗೂ ಇಲ್ಲ."

"ಮತ್ತ ಏನ ಮಾಡ್ಲಪಾ?"

"ಬಾಗಿಲಾ ಬಡಿಯೂದು ಬಿಡಸ್ರಿ. ಒಳಗ ಬಿಡಬೇಕಾದ ವಿಳಾಸೆಲ್ಲ ಒಂದು ಗುಂಪಿಗೆ ಹಾಕ್ರಿ. ಐತೋ ಇಲ್ಲೋ ಒಂದ ಸಲಕ್ಕ ಗೊತ್ತಾಗತೈತಿ. ವೇಗಕ್ಕ, ನಂಬರ್ ನೋಡಿ ಮೊದಲು ಓಣಿ, ಆಮ್ಯಾಲ ಮನಿ. ಎರಡ ಹೆಜ್ಜಿ. ಮ್ಯಾಲು ಕೆಳಗು ಇರಂಗಿಲ್ಲ. ದುರುಗಪ್ಪಗ ಮಾತ್ರ ಹೇಳಬ್ಯಾಡ್ರಿ, ಎದಿ ಒಡಕೊಂಡಾನು."

ಹೇಗೆ ಬರೆಯಬೇಕೆಂದು ಅವನು ಸಂದೇಶ ಕಳಿಸಿದ. ಅವಳು ಅದನ್ನು ಎಷ್ಟು ಸಲ ಓದಿದಳೋ. ಒಂದು ಚುಕ್ಕೆ ತಪ್ಪಿದರೂ ಮೂರೂ ಊರಿನ ನೆಟ್ ಒಟ್ಟಿಗೆ ಹೋಗುತ್ತದೆ. ಹೋದರೆ ಹಾಜಿರಾಬೀಗೆ ಏನು ಹೇಳುವುದು?

ಶುಕ್ರವಾರ ಮಧ್ಯಾಹ್ನ, ಜನ ನೆಟ್ ಕಡಿಮೆ ಬಳಸುವ ಹೊತ್ತಿನಲ್ಲಿ, ಗಿರಾಕಿಗಳ ವಿಳಾಸಗಳನ್ನೆಲ್ಲ ಗುಂಪಿಗೆ ಸೇರಿಸಿದಳು. ಓಣಿ, ಮನೆ ಎಂದು ವೇಗ ಹಂಚಿದಳು. ಎರಡೆರಡು ಸಲ ತಾಳೆ ನೋಡಿದಳು. ಹಳೆಯ ಸಾಲುಗಳನ್ನು ತೆಗೆದು ಹೊಸದನ್ನು ಜಾರಿ ಮಾಡಿದಳು.

ಪರದೆ ಹಾಗೇ ನಿಂತುಬಿಟ್ಟಿತು. ಕೀಲಿ ಒತ್ತಿದರೂ ಉತ್ತರವಿಲ್ಲ. ಆಫೀಸಿನ ನೆಟ್ ಹೋಗಿತ್ತು.

ಪರ್ವೇಜನಿಗೆ ಫೋನ್ ಹಚ್ಚಿದಳು, ಬಂದ್ ಆಗಿತ್ತು. ಶುಕ್ರವಾರದ ನಮಾಜಿಗೆ ಹೋಗಿದ್ದಾನೆ. ಹೊರಗಿನವರು ಯಾರೂ ಯಂತ್ರ ಮುಟ್ಟದಂತೆ ಬಿಗಿ ಮಾಡಿದವನೂ ಅವನೇ, ಆಫೀಸಿನ ಕಂಪ್ಯೂಟರ್ ಬಿಟ್ಟರೆ ಮೊಬೈಲಿನಿಂದಲೂ ತೆರೆಯದು. ಮೂರೂ ಊರು ಹೋಯಿತೇ? ಹೋಗಿದ್ದರೆ ದುರುಗಪ್ಪನ ಫೋನು ಬರಬೇಕಿತ್ತು. ಅವಳು ಫೋನನ್ನೇ ನೋಡುತ್ತ ಕೂತಳು. ಅದು ರಿಂಗಾಗಲಿಲ್ಲ. ರಿಂಗಾಗದಿದ್ದುದು ಇನ್ನೂ ಭಯ ತಂದಿತು: ಫೋನ್ ಮಾಡದ ಮನೆಯಲ್ಲಿ ಏನಾಗಿತ್ತೆಂದು ಮೊನ್ನೆಯಷ್ಟೇ ನೋಡಿದ್ದಳಲ್ಲ.

ಆಗ ಹೊಳೆಯಿತು. ಗುಂಪಿಗೆ ಸೇರಿಸಿದ್ದು ಗಿರಾಕಿಗಳನ್ನು. ಆಫೀಸು ಯಾರ ಗಿರಾಕಿಯೂ ಅಲ್ಲ. ತನ್ನ ವಿಳಾಸವನ್ನೇ ಹಾಕಿರಲಿಲ್ಲ. ಬಾಗಿಲು ಹಾಕಿಕೊಂಡು ತಾನೇ ಹೊರಗೆ ಉಳಿದಿದ್ದಳು.

ಆದರೆ ಅದು ಊಹೆ. ಶಟರ್ ಎಳೆದು ಬೆಟ್ಟದ ಓಣಿಗೆ ಬಿರಬಿರನೆ ನಡೆದಳು. ಹಾಜಿರಾಬೀಯ ಮನೆಯಲ್ಲಿ ಶಾಹೀಸ್ತಾ ಫೋನನ್ನು ಗೋಡೆಗೆ ಆನಿಸಿ, ದುಪಟ್ಟಾ ಸರಿ ಮಾಡಿಕೊಳ್ಳುತ್ತಿದ್ದಳು. ಗೋಡೆಯ ಪೆಟ್ಟಿಗೆಯಲ್ಲಿ ಹಸಿರು ದೀಪ ಮಿನುಗುತ್ತಿತ್ತು. ಸಂಜೆಯಾಯಿತು, ಕರೆ ಬಂತು, ದಾನಿಷ್‌ನ ಮುಖ ಮೂಡಿತು. ರೇಣುಕಾದೇವಿ ಹೊಸ್ತಿಲಲ್ಲಿ ನಿಂತು ನೋಡಿದಳು. ಊರಿನ ಟಿ.ವಿ.ಗಳೆಲ್ಲ ಹತ್ತುವ ಹೊತ್ತು ಬಂತು. ಅವನ ಕೈ ನಿಲ್ಲಲಿಲ್ಲ. ಅವಳ ಕೈಯೂ ನಿಲ್ಲಲಿಲ್ಲ. ಬೆರಳುಗಳು ಒಂದರ ಬೆನ್ನಿಗೆ ಒಂದು ಓಡುತ್ತಿದ್ದವು. ಶಾಹೀಸ್ತಾ ಒಮ್ಮೆ ದನಿಯಿಲ್ಲದೆ ಹೊಟ್ಟೆ ಹಿಡಿದು ನಕ್ಕಳು.

"ಏನಂದಾನ?" ರೇಣುಕಾದೇವಿ ಪಿಸುಗುಟ್ಟಿದಳು.

"ತಾ ಹೊಲಿದ ಮೊದಲನೇ ಅಂಗಿಗೆ ಮೂರು ತೋಳಾಗಿದ್ವು ಅಂತ," ಎಂದಳು ಹಾಜಿರಾಬೀ. ಸ್ವಲ್ಪ ಹೊತ್ತಿನ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಹೂಂ ಅಂದಾರ ಬೇಟಿ. ಇಬ್ರೂ," ಎಂದಳು.

ರೇಣುಕಾದೇವಿಗೆ ಅಲ್ಲೇ ಕೂರಬೇಕೆನ್ನಿಸಿತು, ಕೂರಲಿಲ್ಲ. ಆಫೀಸಿನ ವಿಳಾಸ ಸೇರಿಸಲು ಯಂತ್ರವಿರುವ ಸಿಂಧನೂರಿನ ಕೋಣೆಗೇ ಬಸ್ಸು ಹಿಡಿಯಬೇಕಿತ್ತು. ಬಸ್ಸಿನಲ್ಲಿ ಕೂತು ನನಗೆ ಫೋನ್ ಮಾಡಿದಳು. ದೂರನ್ನು ಬರೆದು ಕಳಿಸಲು ಒಂದು ಬೇರೆ ನಂಬರು ಇಡುತ್ತೇನೆ, ಫೋನಿನಲ್ಲಿ ಮಾತಾಡಲಾಗದವರೂ ಹೇಳಲಿ, ಓದಿ ಉತ್ತರಿಸಲು ಒಬ್ಬರು ಬೇಕು, ನೀನೇ ಬಾ ಎಂದಳು.

ಸೋಮವಾರ ಬೆಳಿಗ್ಗೆ ನಾನು ಅಕ್ಕನ ಆಫೀಸಿಗೆ ಹೋಗಿ ಆ ಕೆಲಸಕ್ಕೆ ಕೂರುತ್ತೇನೆ.