ಮೊಣಕಾಲ ಕೆಳಗಿನ ಮನೆಅಳಿಯ

ನನ್ನ ತೊಡೆಯ ಒಂದು ತುಂಡು ಈಗ ಮೊಣಕಾಲಿನ ಕೆಳಗೆ ಸಂಸಾರ ಹೂಡಿದೆ. ನಗಬೇಕೆನಿಸಿದರೆ ನಗಿ, ಈಗೀಗ ನಾನೂ ನಗುತ್ತೇನೆ. ಕುರುಗೋಡಿನ ರಸ್ತೆಯಲ್ಲಿ ಭತ್ತದ ಟ್ರ್ಯಾಕ್ಟರಿಗೆ ದಾರಿ ಬಿಡಲು ಹೋಗಿ ಬೈಕಿನ ಸಮೇತ ಬಿದ್ದಿದ್ದೆ. ಕಾಲಿನ ಎಲುಬು ಮುರಿದದ್ದಲ್ಲದೆ ಅದರ ಮೇಲಿನ ಚರ್ಮ, ಮಾಂಸ ಎರಡೂ ಹೋಗಿದ್ದವು. ಬಳ್ಳಾರಿಯ ಡಾಕ್ಟರು ಎಲುಬು ಕೂಡಿಸಿ, ತೊಡೆಯಿಂದ ಅಂಗೈಯಗಲ ಮಾಂಸವನ್ನು ಚರ್ಮ, ರಕ್ತನಾಳಗಳ ಸಹಿತ ತೆಗೆದು ಅಲ್ಲಿ ಕೂರಿಸಿ ನಾಳಕ್ಕೆ ನಾಳ ಹೊಲಿದರು. ಮನೆಗೆ ಕಳಿಸುವಾಗ ಹೇಳಿದರು: "ಮೇಷ್ಟ್ರ, ರಕ್ತ ಒಳಗ ಬಂದರಷ್ಟ ಸಾಲದು, ಹೊರಗ ಹೋಗಾಕೂ ದಾರಿ ಇರಬೇಕು. ಅದು ನಿಂತರ ಈ ಮಾಂಸ ಕಪ್ಪಾಗಿ ಸಾಯ್ತೈತಿ. ಆಮ್ಯಾಲೆ ಕಾಲು ಉಳಿಸೋದು ಕಷ್ಟ ನೋಡ್ರಿ."

ಮನೆ ಎಂದರೆ ಸಿರುಗುಪ್ಪದ ನನ್ನ ಅತ್ತೆಯ ಮನೆ. ನಾನು ಮನೆಅಳಿಯ. ಒಂದು ಕಡೆಯಿಂದ ಕಿತ್ತು ಇನ್ನೊಂದು ಕಡೆ ಹಚ್ಚಿದ ಆ ಮಾಂಸವನ್ನು ಕಂಡು ನನ್ನ ಹೆಂಡತಿ ಶಾರದಾ, "ಇದೂ ನಿಮ್ಮಂಗ ಮನಿಅಳಿಯ. ಬಾಳ ನಾಜೂಕು," ಎಂದು ಹೆಸರಿಟ್ಟಳು. ನಾಜೂಕು ನಾನಲ್ಲ, ನನ್ನ ಸ್ಥಾನ. ಹೈಸ್ಕೂಲಿನಲ್ಲಿ ಮಕ್ಕಳಿಗೆ ಗೌರವಾರ್ಥಕ ಬಹುವಚನ ಕಲಿಸುವ ನಾನು ಮನೆಯಲ್ಲಿ ಅದನ್ನೇ ಉಂಡು, ಅದನ್ನೇ ಹೊದ್ದು ಮಲಗುವವನು. ನಾನು ಎದುರಿಗೇ ಕೂತಿದ್ದರೂ ಅತ್ತೆ ಸೆರಗು ಸರಿಮಾಡಿಕೊಂಡು ಮಗಳನ್ನು ಕೇಳುತ್ತಾರೆ: "ಅಳಿಯಂದಿರು ಇನ್ನಷ್ಟು ಅನ್ನ ಹಾಕಿಸ್ಕೊಂತಾರೇನು ಕೇಳು." ಇಷ್ಟು ವರ್ಷಗಳಲ್ಲಿ ಅವರು ನನಗೆ ಒಂದು ಬಿರುನುಡಿ ಆಡಿದ್ದಿಲ್ಲ. ಸಾರಿಗೆ ಉಪ್ಪು ಹೆಚ್ಚಾಯಿತೆಂದು ನಾನೂ ಒಂದು ದಿನ ಗೊಣಗಿದ್ದಿಲ್ಲ. ಬಹುವಚನದಲ್ಲಿ ಗೊಣಗುವುದು ಬಲು ಕಷ್ಟ.

ಇಂಥ ಅತ್ತೆಯ ಮುಖಕ್ಕೆ ನೇರವಾಗಿ ಅಂಗಾಲು ತೋರಿಸುತ್ತ, ದಿಂಬುಗಳ ರಾಶಿಯ ಮೇಲೆ ಕಾಲಿಟ್ಟು ಮಲಗುವುದೇ ನನ್ನ ಪಥ್ಯ. ನೋಡಲು ಬಂದ ಹಿರಿಯರಿಗೆಲ್ಲ ನನ್ನ ಪಾದದರ್ಶನ. ಬೀಡಿ ಸೇದುವ ನೆಂಟರನ್ನು ಶಾರದಾ ಓಣಿಯ ತುದಿಯಲ್ಲೇ ತಡೆಯುತ್ತಿದ್ದಳು, ಆ ಹೊಗೆಯೂ ನಾಳಗಳಿಗೆ ಆಗಿಬರುವುದಿಲ್ಲವಂತೆ. ದಿನಕ್ಕೆರಡು ಸಲ ಕಾಲನ್ನು ಮಂಚದಿಂದ ಕೆಲವೇ ನಿಮಿಷ ಇಳಿಬಿಟ್ಟು ಮತ್ತೆ ಮೇಲಿಡಬೇಕು. ಇಳಿಬಿಟ್ಟಾಗ ಬಣ್ಣ ಕೊಂಚ ಕಪ್ಪೇರುತ್ತದೆ, ಎತ್ತಿದೊಡನೆ ತಿಳಿಗೆಂಪಿಗೆ ಮರಳುತ್ತದೆ. ಮರಳುವ ತನಕ ಮನೆಯವರ ಕಣ್ಣೆಲ್ಲ ಅದರ ಮೇಲೇ.

ಒಂದು ಸಂಜೆ ಅದು ಮರಳಲಿಲ್ಲ. ನೇರಳೆ ಹಣ್ಣಿನಂತಾಗಿ ಉಬ್ಬಿತು. ದಿಂಬಿನ ಮೇಲಿಟ್ಟರೂ ಹಾಗೇ ಇತ್ತು. ಕಾಲಿಲ್ಲದ ನಾನು ಕಣ್ಣ ಮುಂದೆ ಬಂದು ನಿಂತೆ, ನಿಂತೆ ಎನ್ನಲೂ ಭಯ. ಶಾರದಾ ಆಸ್ಪತ್ರೆಗೆ ಫೋನು ಹಚ್ಚಿದಳು. ಡಾಕ್ಟರ ದನಿ ಕೋಣೆಗೆಲ್ಲ ಕೇಳಿತು: "ಎಲ್ಲೆರ ಬಿಗಿ ಆಗೈತೇನು ನೋಡ್ರಿ. ಕಾಲು ಎತ್ತೇ ಇಡ್ರಿ. ತಿಳಿಯಾಗ್ಲಿಲ್ಲಂದ್ರ ಈಗಿಂದೀಗ ಕರ್ಕೊಂಡು ಬರ್ರಿ."

ನೋಡಲೆಂದು ನಾನು ಗಡಬಡಿಸಿ ಏಳಹೋದೆ. ಕಾಲು ದಿಂಬಿನಿಂದ ಜಾರಿತು.

"ಲೇ! ಕಾಲು ಮ್ಯಾಲಿಡಲೇ! ಸುಮ್ನ ಬೀಳಾಕ ಏನು ಧಾಡಿ ನಿನಗ?"

ಬಾಗಿಲಲ್ಲಿ ಅತ್ತೆ. ಸೆರಗು ಹೆಗಲಿನಿಂದ ಜಾರಿತ್ತು, ಅವರಿಗೆ ಅದರ ಪರಿವೆಯಿರಲಿಲ್ಲ. ಓಡಿಬಂದು ನನ್ನ ಲುಂಗಿ ಸರಿಸಿದರು. ಮೊಣಕಾಲಿನ ಸ್ವಲ್ಪ ಕೆಳಗೆ ಒಂದು ಕಪ್ಪು ದಾರ, ಊದಿದ ಕಾಲಿನೊಳಗೆ ಕಚ್ಚಿ ಕೂತಿತ್ತು. ಬಂದವರೆಲ್ಲ "ಕಾಲು ಎಷ್ಟು ಚಂದ ಕೂಡೈತಿ" ಎನ್ನುತ್ತಿದ್ದರಲ್ಲ, ಆ ದೃಷ್ಟಿ ತಾಗದಿರಲೆಂದು, ದೃಷ್ಟಿದಾರ ಕಟ್ಟುವ ಪಾದದ ಹರಡಿಗೆ ಬ್ಯಾಂಡೇಜು ಇದ್ದುದರಿಂದ ಮೊಣಕಾಲ ಕೆಳಗೇ, ನಾನು ಮಧ್ಯಾಹ್ನ ನಿದ್ದೆಹೋದಾಗ ಅತ್ತೆಯೇ ಕಟ್ಟಿದ್ದರು. ಕತ್ತರಿ ಸಿಗಲಿಲ್ಲ. ಅತ್ತೆ ತಡಮಾಡಲಿಲ್ಲ, ಬಗ್ಗಿ ಅಳಿಯನ ಕಾಲಿಗೆ ಬಾಯಿಟ್ಟು, ಕೌದಿ ಹೊಲಿಯುವವರು ಕಚ್ಚುವಂತೆ ದಾರ ಕಚ್ಚಿ ಹರಿದರು. "ನಾನ ಕೊಂದಿದ್ನಲ್ಲೋ ನಿನ್ನ ಕಾಲನ್ನ! ಅಲಗ್ಯಾಡಬ್ಯಾಡೋ ನನ್ನಪ್ಪ," ಎಂದು ಗಳಗಳ ಅತ್ತರು.

ಮೂವರೂ ಆ ಅಂಗೈಯಗಲ ಚರ್ಮ ನೋಡುತ್ತ ಕೂತೆವು. ಮೊದಲು ಅಂಚಿನಲ್ಲಿ ನೇರಳೆ ಬಣ್ಣ ಬಿಟ್ಟಿತು, ಆಮೇಲೆ ನಡುವೆ. ಪೂರ್ತಿ ತಿಳಿಗೆಂಪಾದಾಗ ನಾನೂ ಅತ್ತುಬಿಟ್ಟೆ. ಮರುದಿನ ಬಳ್ಳಾರಿಗೆ ಒಯ್ದು ತೋರಿಸಿದ್ದಾಯಿತು. ಡಾಕ್ಟರು ಬೆರಳೊತ್ತಿ ನೋಡಿ, "ಬದುಕೈತಿ ಬಿಡ್ರಿ," ಎಂದರು.

ಮನೆಗೆ ಬಂದದ್ದೇ ಬಾಗಿಲ ಮರೆಯಿಂದ ಹಳೆಯ ದನಿ: "ಅಳಿಯಂದಿರಿಗೆ ಹಾಲು ಕೊಡು." ನನಗೆ ಎಷ್ಟು ನಿರಾಸೆಯಾಯಿತೆಂದರೆ ಹಾಲು ರುಚಿಸಲೇ ಇಲ್ಲ. ಒಮ್ಮೆ ಏಕವಚನದ ರುಚಿ ಕಂಡ ನಾಲಗೆ ಅದು, ಏನು ಮಾಡಲಿ?

ಈಗ ವಾಕರ್ ಹಿಡಿದು ಅಂಗಳದವರೆಗೆ ಹೋಗಿಬರುತ್ತೇನೆ. ಬಂದು ಮಲಗಿದಾಗ, ಅತ್ತೆ ಸುತ್ತಮುತ್ತ ಇದ್ದರೆ, ಕಾಲು ಹೇಗೋ ದಿಂಬಿನ ಅಂಚಿಗೆ ಬಂದುಬಿಡುತ್ತದೆ. "ಲೇ, ಕಾಲು!" ಎಂದು ಅವರು ಗದರುತ್ತಾರೆ, ನಾಲಗೆ ಕಚ್ಚಿಕೊಳ್ಳುತ್ತಾರೆ. ನಾನು ಒಳ್ಳೆಯ ಹುಡುಗನ ಹಾಗೆ ಮೇಲಿಡುತ್ತೇನೆ.

"ಖರೇ ಹೇಳ್ರಿ, ಅದು ಜಾರ್ತೈತೋ, ನೀವು ಜಾರಿಸ್ತೀರೋ?" ಎಂದು ಶಾರದಾ ಕೇಳುತ್ತಾಳೆ. ಮೂವತ್ತು ಮಕ್ಕಳ ಮುಂದೆ ಪ್ರೇರಣಾರ್ಥಕ ಕ್ರಿಯಾಪದ ಬಿಡಿಸಿ ಹೇಳುವ ಕನ್ನಡ ಮೇಷ್ಟ್ರಾದ ನಾನು, ಈ ಒಂದು ಪ್ರಶ್ನೆಗೆ ಗೋಡೆಯ ಕಡೆ ಮುಖ ತಿರುಗಿಸಿ ಮಲಗುತ್ತೇನೆ.