ಮೆಟ್ಟಿಲು ಹತ್ತದ ಮಂಟಪ

ಕಡಿಮೆ ಖರ್ಚಿನಲ್ಲಿ ಚೆಂದದ ಮದುವೆ ಮಾಡುವುದು ಹೇಗೆಂದು ದಾಸರಹಳ್ಳಿಯ ನಮ್ಮ ಬೀದಿಯ ಹುಡುಗಿಯರು ಈಗಲೂ ನನ್ನನ್ನು ಕೇಳುತ್ತಾರೆ. ಸೀರೆ ಎಲ್ಲಿ ಕೊಳ್ಳಬೇಕು, ಹೂವು ಯಾವ ಹೊತ್ತಿಗೆ ತರಬೇಕು ಎಂದೆಲ್ಲ ಹೇಳುವ ಮೊದಲು ನಾನು ಹೇಳುವ ಮಾತು ಒಂದೇ: ಹಾಲ್ ನೋಡಲು ಹೋದಾಗ ಅದರ ಮೆಟ್ಟಿಲಿನ ಅಳತೆಯನ್ನೂ ತೆಗೆದುಕೊಳ್ಳಿ. ಅವರು ತಮಾಷೆ ಎಂದುಕೊಂಡು ನಗುತ್ತಾರೆ. ನನ್ನ ಮದುವೆಯ ಹಿಂದಿನ ದಿನ ಅಂಥದೊಂದು ಮೆಟ್ಟಿಲಿನ ಮುಂದೆ ನಾನು ಭದ್ರಕಾಳಿಯಾಗಿ ನಿಂತದ್ದು ಅವರಿಗೇನು ಗೊತ್ತು.

ತುಮಕೂರು ರಸ್ತೆಯ ನಡುವೆ ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲ ಅದು. ಹರವಿದ ಬಟ್ಟೆ ಒಣಗುವುದರೊಳಗೆ ಮತ್ತೆ ಒಗೆಯುವಷ್ಟು ಧೂಳು. ಅಪ್ಪ ಪೀಣ್ಯದ ಒಂದು ಸಣ್ಣ ಶೆಡ್ಡಿನಲ್ಲಿ ವೆಲ್ಡರ್ ಆಗಿದ್ದ. ಗೋಡೌನಿಗೆ ರ‍್ಯಾಕು, ಆಸ್ಪತ್ರೆಗೆ ಮಂಚ, ಮನೆಗಳಿಗೆ ಗೇಟು, ಬಂದ ಆರ್ಡರು ಯಾವುದಾದರೂ ಸರಿ. ನಾನು ಮೂರು ಅಡ್ಡರಸ್ತೆ ಆಚೆಯ ಇನ್ನೊಂದು ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿದ್ದೆ. ಯಂತ್ರದಿಂದ ಇಳಿದ ಬಿಡಿಭಾಗಗಳನ್ನು ಅಳೆಯುವುದು, ಸರಿಯಿದ್ದರೆ ಸಹಿ ಹಾಕುವುದು, ಇಲ್ಲದಿದ್ದರೆ ಕೆಂಪು ಡಬ್ಬಿಗೆ ಎಸೆಯುವುದು ನನ್ನ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಬಿಡುವವಳಲ್ಲ, ಸುಳ್ಳು ಸಹಿ ಹಾಕುವವಳಂತೂ ಅಲ್ಲವೇ ಅಲ್ಲ ಎಂದು ಲೇತ್ ಓಡಿಸುವವರೆಲ್ಲ ನನ್ನ ಮೇಲೆ ಹಲ್ಲು ಮಸೆಯುತ್ತಿದ್ದರು. ನನಗೆ ಅದು ಹೆಮ್ಮೆಯ ಸಂಗತಿಯೇ ಆಗಿತ್ತು.

ನಾನು ಏಳನೆಯ ಕ್ಲಾಸಿನಲ್ಲಿದ್ದಾಗ ಅಮ್ಮ ತೀರಿಕೊಂಡಳು. ಆಮೇಲೆ ಅಡುಗೆ, ಜ್ವರ, ಪರೀಕ್ಷೆ, ಜಡೆ ಎಲ್ಲವೂ ಅಪ್ಪನದೇ. ತಂತಿ ಹೆಣೆದ ಕೈಯಿಂದ ಹಾಕಿದ ಜಡೆ ಎಷ್ಟು ಬಿಗಿಯಾಗಿರುತ್ತಿತ್ತೆಂದರೆ, ಸಂಜೆಯವರೆಗೂ ನನ್ನ ಹುಬ್ಬುಗಳು ಮೇಲೇರಿಯೇ ಇರುತ್ತಿದ್ದವು. ನಾನು ಯಾವಾಗಲೂ ಆಶ್ಚರ್ಯದಲ್ಲೇ ಇರುವ ಹುಡುಗಿ ಎಂದು ಟೀಚರುಗಳು ತಿಳಿದಿದ್ದರು.

ಮದುವೆ ಗೊತ್ತಾಯಿತು. ಹುಡುಗ ಮಾದನಾಯಕನಹಳ್ಳಿಯ ಗೋಡೌನೊಂದರಲ್ಲಿ ಸ್ಟೋರ್ ಕೀಪರ್. ಅವನ ತಾಯಿ ಅಂಗನವಾಡಿಯಲ್ಲಿ ಕೆಲಸ ಮಾಡುತ್ತಿದ್ದವರು, ಮಾತು ಖಡಕ್ಕು. "ನಮಗೆ ಚಿನ್ನ ಬೇಡ, ಸೂಟು ಬೇಡ. ಊಟ ಮಾತ್ರ ಚೆನ್ನಾಗಿರ್ಲಿ. ಬಂದೋರು ಬೈಕೊಂಡು ಹೋಗ್ಬಾರ್ದು," ಎಂದು ಮೊದಲ ದಿನವೇ ಹೇಳಿಬಿಟ್ಟರು. ನನಗೆ ಹುಡುಗನಿಗಿಂತ ಮೊದಲು ಅತ್ತೆಯೇ ಹಿಡಿಸಿದರು.

ಅದೇ ದಿನ ದೊಡ್ಡಮ್ಮ, ಅಂದರೆ ಅಪ್ಪನ ಅಣ್ಣನ ಹೆಂಡತಿ, ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ಕಡೆಗೆ ಸರಿಸಿ ಇನ್ನೊಂದು ಮಾತು ಹೇಳಿದಳು. "ಧಾರೆ ನಾನೂ ನಿಮ್ಮಣ್ಣನೂ ಎರಿತೀವಿ. ಹೆಂಡ್ತಿ ಇಲ್ದ ಗಂಡ್ಸು ಹಸೆ ಹತ್ರ ನಿಲ್ಲಾದು ನಮ್ಮಲ್ಲಿ ಇಲ್ಲ." ಧಾರೆ ಎರೆಯುವವರು ದಂಪತಿಯೇ ಆಗಬೇಕು ಎನ್ನುವುದು ಪದ್ಧತಿ, ಅದು ನನಗೂ ಗೊತ್ತಿತ್ತು. ಆದರೆ ಹತ್ತಿರ ನಿಲ್ಲಲೂ ಬಾರದೆಂದರೆ ಏನರ್ಥ. ನನ್ನನ್ನು ಸಾಕಿದವನು ನನ್ನ ಮದುವೆಯನ್ನು ಕುರ್ಚಿಗಳ ಹಿಂದೆ ನಿಂತು ನೋಡಬೇಕೇ? ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ನನ್ನ ಕೈ ಅದುಮಿದ. "ಅಂಗೇ ಆಗ್ಲಿ ಅತ್ತಿಗೆ. ಮಂಟಪ ಮಾತ್ರ ಬಾಡಿಗೆಗೆ ತರೋದು ಬ್ಯಾಡ. ನಾನೇ ಮಾಡ್ತೀನಿ."

ತಾನು ನಿಲ್ಲಲಾಗದ ಕಡೆ ತನ್ನ ಕೈಕೆಲಸ ನಿಲ್ಲಲಿ ಎಂದು ಅವನ ಆಸೆ. ನನಗೆ ಅದು ತಟ್ಟನೆ ಅರ್ಥವಾಯಿತು, ಅಳುವೂ ಬಂತು. ಆಮೇಲೆ ಆ ಮದುವೆಯಲ್ಲಿ ನನಗೆ ಮುಖ್ಯವಾದದ್ದು ಅದೊಂದೇ: ಅಪ್ಪನ ಮಂಟಪದ ಕೆಳಗೆ ನಾನು ಕೂರಬೇಕು.

ಮಿಕ್ಕಿದ್ದೆಲ್ಲ ಸುಲಭವಾಗಿಯೇ ಕೂಡಿಬಂತು. ಹಾರ್ಡ್‌ವೇರ್ ಅಂಗಡಿಯೊಂದರ ಮೇಲಿನ ಮೊದಲ ಮಹಡಿಯಲ್ಲಿ ಒಂದು ಹಾಲ್ ಸಿಕ್ಕಿತು. ಮೆಟ್ಟಿಲು ಹತ್ತಬೇಕೆಂದು ವಯಸ್ಸಾದವರು ಗೊಣಗುತ್ತಿದ್ದುದರಿಂದ ಬಾಡಿಗೆ ಅರ್ಧಕ್ಕರ್ಧ ಕಡಿಮೆ. ಅಡುಗೆಗೆ ನಮ್ಮ ಕಾರ್ಖಾನೆಯ ಕ್ಯಾಂಟೀನಿನ ಭಟ್ಟರನ್ನು ಒಪ್ಪಿಸಿದೆ. ಮೂರು ಪಾಳಿಯ ಜನಕ್ಕೆ ಅಡುಗೆ ಮಾಡುವ ಮನುಷ್ಯನಿಗೆ ಮುನ್ನೂರು ಎಲೆ ಯಾವ ಲೆಕ್ಕ. "ಹೋಳಿಗೆ ಮಾಡಕ್ಕೆ ಬರುತ್ತಾ?" ಎಂದು ಕೇಳಿದ್ದಕ್ಕೆ ಅವರಿಗೆ ಸಿಟ್ಟು ಬಂತು. "ಮೇಡಂ, ಹದಿನೈದು ವರ್ಷದಿಂದ ಬರೀ ರೈಸ್‌ಬಾತ್ ಮಾಡ್ತಾ ಕಾಯ್ತಾ ಇದೀನಿ, ಯಾರಾದ್ರೂ ಹೋಳಿಗೆ ಕೇಳ್ತಾರಾ ಅಂತ," ಎಂದರು.

ಒಂದು ಭಾನುವಾರ ನಾನೂ ಅಪ್ಪನೂ ಟೇಪು ಹಿಡಿದು ಹಾಲಿಗೆ ಹೋದೆವು. ವೇದಿಕೆಯ ಉದ್ದ, ಅಗಲ, ನೆಲದಿಂದ ಫ್ಯಾನಿಗೆ ಎಷ್ಟು, ಹಿಂದಿನ ಗೋಡೆಯ ಸ್ವಿಚ್ ಬೋರ್ಡು ಎಲ್ಲಿದೆ, ಎಲ್ಲವನ್ನೂ ಮಿಲಿಮೀಟರಿನಲ್ಲಿ ಬರೆದುಕೊಂಡೆ. ಅಳೆಯುವುದರಲ್ಲಿ ನನ್ನಂಥವಳು ಇನ್ನೊಬ್ಬಳಿಲ್ಲ ಎಂಬ ಜಂಬ ಬೇರೆ. ಹತ್ತುವಾಗ ತಿರುವಿನಲ್ಲಿ ಅಪ್ಪ ತಲೆ ತಗ್ಗಿಸಿದ್ದನ್ನು ನೋಡಿದೆ, ಇಳಿಯುವಾಗ ಎದುರಿಗೆ ಬಂದವರಿಗೆ ದಾರಿ ಬಿಡಲು ಗೋಡೆಗೆ ಒತ್ತಿ ನಿಂತೆ. ಮೆಟ್ಟಿಲಿಗೆ ಟೇಪು ಹಿಡಿಯಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ. ಪೀಣ್ಯದಲ್ಲಿ ನಮ್ಮ ಕೆಲಸದ ರೀತಿಯೇ ಹಾಗೆ. ಅಳೆಯುವವರು ಅಳೆಯುತ್ತಾರೆ, ಮಾಡುವವರು ಮಾಡುತ್ತಾರೆ, ಮಾಲು ಹೊರಗೆ ಹೋಗುವುದು ಹೇಗೆನ್ನುವುದು ಡಿಸ್‌ಪ್ಯಾಚ್‌ನವರ ತಲೆನೋವು. ಮದುವೆಮನೆಯಲ್ಲಿ ಡಿಸ್‌ಪ್ಯಾಚ್ ವಿಭಾಗ ಇರುವುದಿಲ್ಲ ಎನ್ನುವುದು ನೆನಪಾಗಲಿಲ್ಲ.

ಶೆಡ್ಡಿನ ಓನರು ಒಳ್ಳೆಯವರು. ಉಳಿದ ಪೈಪು, ತಗಡು ಏನು ಬೇಕಾದರೂ ಬಳಸಿಕೋ ಎಂದರು. ಅಪ್ಪ ಪಾಳಿ ಮುಗಿದ ಮೇಲೆ ದಿನಕ್ಕೊಂದು ಗಂಟೆ ಮಂಟಪಕ್ಕೆ ಕೂತ. ಚೌಕದ ಪೈಪಿನ ನಾಲ್ಕು ಕಂಬ, ಅವಕ್ಕೆ ಸುತ್ತಿಕೊಂಡ ಸಣ್ಣ ಸರಳಿನ ಬಳ್ಳಿ, ತಗಡಿನಲ್ಲಿ ತೂತು ಹೊಡೆದಾಗ ಬಿದ್ದ ಬಿಲ್ಲೆಗಳನ್ನು ಜೋಡಿಸಿ ಮಾಡಿದ ಹೂವು. ಮೇಲೆ ಆಸ್ಪತ್ರೆಯ ಮಂಚಗಳಿಗೆ ಹೊಡೆದು ಉಳಿದಿದ್ದ ಕೆನೆ ಬಣ್ಣ.

ಅಪ್ಪನ ಜೊತೆಗಾರ ಒಬ್ಬ ಫಿಟ್ಟರ್ ಇದ್ದ, ಬಾಯಿ ಸ್ವಲ್ಪ ಜಾಸ್ತಿ. "ಗುರುವೇ, ಬೋಲ್ಟ್ ಹಾಕಿ ಜೋಡ್ಸೋ ಥರ ಮಾಡಪ್ಪ, ಸಾಗ್ಸೋಕೆ ಸುಲಭ," ಎಂದು ಅವನು ಹೇಳಿದ್ದು ನಿಜ. ಅಪ್ಪನಿಗೆ ಅದು ಸರಿಬೀಳಲಿಲ್ಲ. "ಜೀವನಪೂರ್ತಿ ಬೋಲ್ಟ್ ಹಾಕಿ ಗೋಡೌನ್ ರ‍್ಯಾಕೇ ಮಾಡಿದೀನಿ. ಮಗಳ ಮದ್ವೆಗೂ ರ‍್ಯಾಕ್ ಮಾಡ್ಲಾ?" ಎಂದು ಕಂಬ, ತೊಲೆ ಎಲ್ಲವನ್ನೂ ಬೆಸೆದು, ಬೆಸುಗೆ ಎಲ್ಲಿದೆಯೆಂದು ಕಾಣದ ಹಾಗೆ ಉಜ್ಜಿಬಿಟ್ಟ. ಮುಗಿದ ದಿನ ನಾನು ಹೋಗಿ ಅಳೆದೆ. ನಾಲ್ಕೂ ಮೂಲೆ ಸರಿ. ಎತ್ತರ ಸರಿ. ನನ್ನ ಜನ್ಮದಲ್ಲಿ ಅಷ್ಟು ಖುಷಿಯಿಂದ ಯಾವ ಮಾಲನ್ನೂ ಪಾಸ್ ಮಾಡಿರಲಿಲ್ಲ.

ಮದುವೆಯ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ಮಂಟಪ ಟೆಂಪೋ ಏರಿ ಹಾಲಿನ ಮುಂದೆ ಬಂದು ಇಳಿಯಿತು. ಆರು ಜನ ಎತ್ತಿದರು. ಮೆಟ್ಟಿಲಿನ ಬುಡದಲ್ಲೇ ಅದು ನಿಂತಿತು. ನೆಟ್ಟಗೆ ಹಿಡಿದರು, ಅಡ್ಡ ಮಲಗಿಸಿದರು, ತಲೆಕೆಳಗೆ ಮಾಡಿದರು. ಮೂರೂವರೆ ಅಡಿ ಅಗಲದ ಮೆಟ್ಟಿಲು, ಏಳಡಿ ಅಗಲದ ಮಂಟಪ. ಕಿಟಕಿಗೆ ಗ್ರಿಲ್ಲು, ಬಾಲ್ಕನಿಯ ಮುಂದೆ ಕರೆಂಟಿನ ತಂತಿ. ಹಾರ್ಡ್‌ವೇರ್ ಅಂಗಡಿಯವನು ವ್ಯಾಪಾರ ಬಿಟ್ಟು ಸಲಹೆ ಕೊಡಲು ಬಂದ. ಬಸ್ಸಿಗೆ ಕಾಯುತ್ತಿದ್ದವರೂ ಬಂದರು. ಫಿಟ್ಟರ್ ಮಾತ್ರ ಜೇಬಿನಿಂದ ಒಂದು ಬೋಲ್ಟ್ ತೆಗೆದು ಬೆರಳಲ್ಲಿ ತಿರುಗಿಸುತ್ತ ನಿಂತ, ಅದೇ ಹೆಚ್ಚು ಚುಚ್ಚಿತು.

ಅಪ್ಪ ಮೆಟ್ಟಿಲ ಮೇಲೆ ಕೂತು ಬೆವರು ಒರೆಸಿಕೊಂಡ. ಆಮೇಲೆ ಬಹಳ ಸಣ್ಣ ದನಿಯಲ್ಲಿ, "ಗ್ರೈಂಡರ್ ತಗಂಬಾ. ಮಧ್ಯಕ್ಕೆ ಕುಯ್ದುಬಿಡಾಣ. ಮೇಲೆ ಹೋಗಿ ತಂತೀಲಿ ಕಟ್ಟಿ ಹೂವ ಮುಚ್ಚಿದ್ರಾಯ್ತು," ಎಂದ.

ತಂತಿಯಲ್ಲಿ ಕಟ್ಟಿದ ಮಂಟಪ. ಒಂದು ಬೆಸುಗೆಯೂ ಕಾಣಬಾರದೆಂದು ಹಟ ಹಿಡಿದವನ ಬಾಯಲ್ಲಿ ಆ ಮಾತು. ನನಗೆ ಎಲ್ಲಿತ್ತೋ ಸಿಟ್ಟು. ಹೆಚ್ಚಿನದು ನನ್ನ ಮೇಲೆಯೇ, ಆದರೆ ಬಿದ್ದದ್ದು ಅಲ್ಲಿದ್ದವರ ಮೇಲೆ. "ಯಾರಾದ್ರೂ ಗ್ರೈಂಡರ್ ಮುಟ್ಟಿದ್ರೆ ನೋಡಿ. ಅಳತೆ ತಗೊಂಡೋಳು ನಾನು, ತಪ್ಪು ನಂದು. ಅದನ್ನ ಕುಯ್ದ್ರೆ ನಾನು ಹಸೆ ಮೇಲೆ ಕೂರಲ್ಲ," ಎಂದು ಅರಿಶಿನ ಹಚ್ಚಿದ ಮುಖದಲ್ಲೇ ನಡುಬೀದಿಯಲ್ಲಿ ಕೂಗಿದೆ. ಟೆಂಪೋ ಡ್ರೈವರು ಇಂಜಿನ್ ಆರಿಸಿದ.

ಮಂಟಪ ಹಾಲಿಗೆ ಬಾರದಿದ್ದರೆ ಮದುವೆಯೇ ಮಂಟಪದ ಹತ್ತಿರ ಹೋಗಲಿ ಎಂದು ನನಗೆ ಹೊಳೆದದ್ದು ಆಗ. ಭಾನುವಾರ ಶೆಡ್ಡಿಗೆ ರಜೆ. ಅದರ ಮುಂದೆ ಲಾರಿಗೆ ಮಾಲು ತುಂಬುವ ಅಂಗಳ, ಅರ್ಧಕ್ಕೆ ಶೀಟಿನ ಮಾಡು. ಹಾಲಿನಿಂದ ಎರಡೇ ಬೀದಿ. ಓನರು ಫೋನಿನಲ್ಲೇ ಒಪ್ಪಿದರು. ಆದರೆ ಮದುವೆ ನಾಳೆ ಎನ್ನುವಾಗ ಜಾಗ ಬದಲಾದರೆ ಗಂಡಿನ ಕಡೆಯವರು ಏನನ್ನುತ್ತಾರೆ? ದೊಡ್ಡಮ್ಮ ತಲೆಗೆ ಕೈ ಹೊತ್ತಳು. ಫೋನ್ ಮಾಡುವ ಧೈರ್ಯ ಯಾರಿಗೂ ಬರಲಿಲ್ಲ, ಹಾಗಾಗಿ ನಾನೇ ಮಾಡಿದೆ. ಮದುಮಗಳು ಅತ್ತೆಗೆ ಹಾಗೆ ಫೋನ್ ಮಾಡಿದ್ದು ನಮ್ಮ ವಂಶದಲ್ಲಿ ಅದೇ ಮೊದಲಿರಬೇಕು.

ಅವರು ಎಲ್ಲವನ್ನೂ ಕೇಳಿಸಿಕೊಂಡರು.

"ನೆರಳಿದ್ಯಾ?"

"ಇದೆ."

"ಊಟ?"

"ಹಾಲಲ್ಲೇ. ತಾಳಿ ಕಟ್ಟಿದ್ಮೇಲೆ ಎರಡು ಬೀದಿ ನಡೀಬೇಕು."

"ನಡೀಲಿ ಬಿಡು. ಹಸಿವು ಚೆನ್ನಾಗಾಗುತ್ತೆ," ಎಂದು ಫೋನ್ ಇಟ್ಟರು.

ಮಂಟಪ ಮತ್ತೆ ಟೆಂಪೋ ಹತ್ತಿತು. "ರಿಟರ್ನ್ ಮಾಲು, ದಾರಿ ಬಿಡಿ," ಎಂದು ಫಿಟ್ಟರ್ ಕೂಗಿದಾಗ ಅಪ್ಪನೂ ನಕ್ಕ. ಸಂಜೆಯವರೆಗೆ ಶೆಡ್ಡಿನವರೆಲ್ಲ ಅಂಗಳ ಗುಡಿಸಿದರು. ಕಬ್ಬಿಣದ ಚೂರು ಪೊರಕೆಗೆ ಸಿಗುವುದಿಲ್ಲ, ಬರಿಗಾಲಿಗೆ ಸಿಗುತ್ತದೆ. ಅದಕ್ಕೆ ಒಂದು ದೊಡ್ಡ ಅಯಸ್ಕಾಂತಕ್ಕೆ ಹಗ್ಗ ಕಟ್ಟಿ, ಹೊಲ ಉಳುವ ಹಾಗೆ ಸಾಲುಸಾಲಾಗಿ ಎಳೆದರು. ಎಣ್ಣೆಯ ಕಲೆಗಳ ಮೇಲೆಯೇ ದೊಡ್ಡಮ್ಮ ರಂಗೋಲಿ ಹಾಕಿದಳು, ಬೈದುಕೊಂಡೇ. ಮಳೆನೀರು ಹರಿಯಲೆಂದು ಅಂಗಳ ಸ್ವಲ್ಪ ಇಳಿಜಾರಾಗಿತ್ತು. ಅಪ್ಪ ಮೊಣಕಾಲೂರಿ ಮಂಟಪದ ಕಾಲುಗಳ ಹತ್ತಿರ ಏನೋ ಮಾಡುತ್ತಿದ್ದ. ಅಷ್ಟರಲ್ಲಿ ನನ್ನನ್ನು ಬಳೆ ತೊಡಿಸಲು ಕರೆದೊಯ್ದರು.

ಬೆಳಗ್ಗೆ ನೋಡಿದರೆ ನನಗೇ ನಂಬಿಕೆಯಾಗಲಿಲ್ಲ. ಕೆನೆ ಬಣ್ಣದ ಮಂಟಪಕ್ಕೆ ಮಾಡಿನ ಅಂಚಿನಿಂದ ಎಳೆಬಿಸಿಲು ಬಿದ್ದು, ತಗಡಿನ ಹೂವುಗಳೆಲ್ಲ ಹೊಳೆಯುತ್ತಿದ್ದವು. ಗಂಡಿನ ಕಡೆಯವರು ಬಂದವರೇ ಮೊದಲು ಮಂಟಪ ಮುಟ್ಟಿ ನೋಡಿದರು. "ಎಲ್ಲಿಂದ ತರ್ಸಿದ್ರಿ?" ಎಂದು ಒಬ್ಬರು ಕೇಳಿದರು. "ಇಲ್ಲೇ, ಪೀಣ್ಯ," ಎಂದ ಫಿಟ್ಟರ್, ತಾನೇ ಮಾಡಿದವನ ಹಾಗೆ.

ನಾನು ಹಸೆಯ ಮೇಲೆ ಕೂತೆ. ಪಕ್ಕದಲ್ಲಿ ಹುಡುಗ, ಎಡಕ್ಕೆ ದೊಡ್ಡಪ್ಪ ದೊಡ್ಡಮ್ಮ. ಅಪ್ಪ ಎಲ್ಲಿ ಎಂದು ಕುರ್ಚಿಗಳ ಹಿಂದೆ ಹುಡುಕಿದೆ, ಅಲ್ಲಿರಲಿಲ್ಲ. ಪುರೋಹಿತರು ಧಾರೆಗೆ ಚೊಂಬು ತರಿಸುವ ಹೊತ್ತಿಗೆ ಅವನು ಮಂಟಪದ ಮುಂದಿನ ಬಲಗಡೆಯ ಕಂಬದ ಹತ್ತಿರ ಬಂದು, ಎರಡೂ ಕೈಯಲ್ಲಿ ಅದನ್ನು ಹಿಡಿದು ನಿಂತುಕೊಂಡ. ನನಗೂ ಅವನಿಗೂ ಒಂದು ಮೊಳ ದೂರ.

ದೊಡ್ಡಮ್ಮ ಕಣ್ಣು ಬಿಟ್ಟಳು. ಪುರೋಹಿತರೂ ತಲೆ ಎತ್ತಿದರು.

"ಕಂಬ ಅಲ್ಲಾಡ್ತೈತೆ ಸ್ವಾಮಿ," ಎಂದ ಅಪ್ಪ. "ನೆಲ ಇಳಿಜಾರು. ಬಿಟ್ರೆ ಮಕ್ಕಳ ತಲೆ ಮೇಲೆ ಬಿದ್ದಾತು."

"ಅಯ್ಯೋ, ಬಿಡ್ಬೇಡಿ ಮತ್ತೆ, ಗಟ್ಟಿಯಾಗಿ ಹಿಡ್ಕೊಳ್ಳಿ," ಎಂದರು ಪುರೋಹಿತರು. ದೊಡ್ಡಮ್ಮನೂ ಮೇಲಿನ ತೊಲೆಯನ್ನು ಒಮ್ಮೆ ನೋಡಿ ಚೊಂಬಿಗೆ ಕೈ ಚಾಚಿದಳು. ಧಾರೆಯ ನೀರು ಬಿದ್ದಾಗ, ತಾಳಿ ಕಟ್ಟಿದಾಗ, ಅಕ್ಷತೆ ಸುರಿದಾಗ ಅಪ್ಪ ಅಲ್ಲೇ ಇದ್ದ. ಅರ್ಧ ಅಕ್ಷತೆ ಅವನ ತಲೆಯ ಮೇಲೇ ಬಿತ್ತು. ನನಗೆ ಮಂತ್ರ ಒಂದೂ ಕೇಳಿಸಲಿಲ್ಲ, ಅವನು ಉಸಿರು ಎಳೆದುಕೊಳ್ಳುವುದು ಮಾತ್ರ ಕೇಳುತ್ತಿತ್ತು. ಅಷ್ಟು ಸುಖವಾಗಿ ನಾನು ಯಾವತ್ತೂ ಅತ್ತಿಲ್ಲ.

ಎಲ್ಲರೂ ಊಟಕ್ಕೆಂದು ಗುಂಪಾಗಿ ಬೀದಿಗಿಳಿದರು. ವಾಲಗದವರು ಮುಂದೆ, ಕುರ್ಚಿ ಹೊತ್ತ ಶೆಡ್ಡಿನವರು ಹಿಂದೆ. ಅಪ್ಪ ಎಲೆ ಹಾಕಿಸಬೇಕೆಂದು ಮೊದಲೇ ಓಡಿದ. ನಾನು ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ಒಂದು ಗಳಿಗೆ ಹಿಂದೆ ಉಳಿದೆ. ಹಾಳು ಅಭ್ಯಾಸ. ಆ ಕಂಬಕ್ಕೆ ಕೈ ಇಟ್ಟು ತಳ್ಳಿದೆ. ಜಗ್ಗಲಿಲ್ಲ. ಭುಜ ಕೊಟ್ಟು ತಳ್ಳಿದೆ, ಹೂವು ಕೂಡ ಅಲುಗಲಿಲ್ಲ. ಬಗ್ಗಿ ನೋಡಿದರೆ ನಾಲ್ಕೂ ಕಾಲುಗಳ ಅಡಿಗೆ ತಗಡಿನ ಚೂರುಗಳನ್ನು ಅಳತೆಗೆ ಕತ್ತರಿಸಿ, ಉಗುರು ತೂರದ ಹಾಗೆ ಬಿಗಿಯಾಗಿ ಕೂರಿಸಿತ್ತು. ಅದು ಹಿಂದಿನ ಸಂಜೆಯ ಕೆಲಸ.

ಅತ್ತೆ ವಾಪಸು ಬಂದು ಗೇಟಿನ ಹತ್ತಿರ ನಿಂತಿದ್ದರು. ಅವರ ಪಕ್ಕದಲ್ಲಿ ದೊಡ್ಡಮ್ಮ.

"ಪಾಪ, ನಿಮ್ಮಪ್ಪ ಒಂದು ಗಂಟೆ ಕೈ ಬಿಡ್ಲಿಲ್ಲ ನೋಡು," ಎಂದರು ಅತ್ತೆ. "ಅಷ್ಟೊಂದು ಅಲ್ಲಾಡ್ತಿತ್ತಾ?"

ನಾನು ಕಂಬದ ಮೇಲಿಂದ ಕೈ ತೆಗೆದೆ.

"ಹೂಂ ಅತ್ತೆ," ಎಂದೆ. "ತುಂಬಾ ಅಲ್ಲಾಡ್ತಿತ್ತು."