ತುದಿ ಕತ್ತರಿಸಿದ ಕೈಗವಸು

ಕಾರ್ತಿಕದಲ್ಲಿ ಕಾಶಿಗೆ ಹೊರಟಿದ್ದೇವೆ, ನಾನೂ ನಮ್ಮ ಯಜಮಾನರೂ. ಅಲ್ಲಿ ಬೆಳಗಿನ ಹೊತ್ತು ಚಳಿ ಇರುತ್ತದಂತೆ. ಸ್ವೆಟರ್ ಹುಡುಕೋಣವೆಂದು ಅಟ್ಟದ ಮೇಲಿದ್ದ ನನ್ನ ಮದುವೆಯ ಸೂಟ್‌ಕೇಸ್ ಇಳಿಸಿ ಮುಚ್ಚಳ ತೆಗೆದೆ. ದವನದ ವಾಸನೆ ಬಂತು. ಇಷ್ಟು ವರ್ಷದ ಮೇಲೆ ದವನ ಎಲ್ಲಿ ಉಳಿದೀತು, ಪುಡಿಯಾಗಿ ಮೂಲೆ ಸೇರಿತ್ತು... ವಾಸನೆ ಮಾತ್ರ ಹೋಗಿರಲಿಲ್ಲ. ಅಡಿಯಲ್ಲಿ ಬೂದು ಬಣ್ಣದ ಒಂದು ಜೊತೆ ಉಣ್ಣೆಯ ಕೈಗವಸು. ಬೆರಳುಗಳ ತುದಿ ಕತ್ತರಿಸಿ, ಅಂಚು ಮಡಿಸಿ ಹೊಲಿದದ್ದು. ಹೆಬ್ಬೆರಳ ಬಳಿ ಬಾಳೆನಾರಿನ ಕಂದು ಕಲೆ. ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ.

ಅದು ನಮ್ಮ ಹೂವಿನಕ್ಕನದು.

ನಾನು ಮದುವೆಯಾಗಿ ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಬಂದಾಗ ನಮ್ಮ ಬೀದಿ ತಿರುವಿನ ಹಿಟ್ಟಿನ ಗಿರಣಿಯ ಜಗುಲಿಯೇ ಆಕೆಯ ಅಂಗಡಿ. ಒಂದು ಬಿದಿರಿನ ಪುಟ್ಟಿ, ಅದರ ಮೇಲೆ ಒದ್ದೆ ಬಟ್ಟೆ, ಪಕ್ಕದಲ್ಲಿ ನೀರಿನ ಚೊಂಬಿನಲ್ಲಿ ನೆನೆದ ಬಾಳೆನಾರು. ಸೂಜಿ ಮುಟ್ಟಿದವರಲ್ಲ. ಎಡಗೈಯ ಎರಡು ಬೆರಳ ನಡುವೆ ಹೂವಿನ ಜೋಡಿ, ಬಲಗೈಯಲ್ಲಿ ನಾರು. ಒಂದು ಸುತ್ತು, ಒಂದು ಎಳೆತ, ಗಂಟು. ಮಾತಾಡುತ್ತಲೇ ಕಟ್ಟುವರು, ಬಸ್ಸಿಗೆ ದಾರಿ ಹೇಳುತ್ತಲೇ ಕಟ್ಟುವರು. ದೇವರ ಪಟಕ್ಕೆ ಹಾಕಿದ ಮಾಲೆ ಮಾರನೆಯ ದಿನ ತೆಗೆಯುವಾಗ ಬಾಡಿರುತ್ತಿತ್ತೇ ಹೊರತು ಒಂದು ಹೂವೂ ಉದುರಿರುತ್ತಿರಲಿಲ್ಲ. ದಿನವೂ ಕಟ್ಟಿದ ಹೂವು ಬಾಗಿಲ ಹತ್ತಿರವೇ ಸಿಗುವುದು ಸಣ್ಣ ಭಾಗ್ಯವಲ್ಲ. ಆಗ ಅದು ಭಾಗ್ಯವೆಂದು ನನಗೆ ಗೊತ್ತಿತ್ತು, ಅಷ್ಟು ಮಟ್ಟಿಗೆ ದೇವರು ಬುದ್ಧಿ ಕೊಟ್ಟಿದ್ದ.

ನನಗೂ ಕಲಿಸಲು ನೋಡಿದರು. ನಾನು ಕಟ್ಟಿದ್ದನ್ನು ಎತ್ತಿ ಒಮ್ಮೆ ಕೊಡವುವರು. ಹೂವೆಲ್ಲ ಮಡಿಲಿಗೆ ಬೀಳುವುದು.

"ಗಂಟು ಜಾರ್ತದೆ ಕಣಮ್ಮಿ. ನೀ ಎಳಿಯಾಕ್ ಅಂಜ್ತೀಯ. ಊವಿಗ ನೋವಾಯ್ತದೆ ಅನ್ಕಬ್ಯಾಡ, ಎಳಿ."

ನನ್ನ ತಮ್ಮನ ಮದುವೆಗೆ ಹೂವಿನ ಕೆಲಸಕ್ಕೆಂದು ಆಕೆಯನ್ನು ಚಾಮರಾಜನಗರಕ್ಕೆ ನಾನೇ ಕರೆದುಕೊಂಡು ಹೋಗಿದ್ದೆ. ಎರಡು ಸಾವಿರದ ಐದೋ ಆರೋ ಇಸವಿ. ಆ ಮದುವೆಗೆ ಮೈಸೂರಿನಿಂದ ಬಂದಿದ್ದ ಒಬ್ಬರು ಮೇಡಮ್ಮು ಊಟಕ್ಕೂ ಏಳದೆ ಆಕೆಯ ಕೈಯನ್ನೇ ನೋಡುತ್ತ ಕುಳಿತರು. ಅವರು ಕೈಕೆಲಸದವರನ್ನು ಪರದೇಶಗಳ ಉತ್ಸವಕ್ಕೆ ಕರೆದೊಯ್ಯುವವರಂತೆ. ಆ ವರ್ಷ ದಸರಾ ಕಳೆದ ಮೇಲೆ ವಿಯೆನ್ನಾ ಎಂಬ ಊರಿಗೆ. ಒಬ್ಬ ಕುಂಬಾರ, ಒಬ್ಬ ಚಾಪೆ ಹೆಣೆಯುವವ, ಮತ್ತೆ ನಮ್ಮ ಹೂವಿನಕ್ಕ. ಅಲ್ಲಿ ಚೌಕದಲ್ಲಿ ಡೇರೆ ಹಾಕಿ, ಬಂದವರ ಎದುರಿಗೇ ಹೂ ಕಟ್ಟಿ ತೋರಿಸಬೇಕು.

ಸುದ್ದಿ ಕೇಳಿ ಊರೆಲ್ಲ ನಕ್ಕಿತು ಅನ್ನುವುದಕ್ಕಿಂತ ಆಕೆಯ ನಾದಿನಿ ಒಬ್ಬಳೇ ಊರಿನಷ್ಟು ನಕ್ಕಳು. ಅವಳು ಅದೇ ಜಗುಲಿಯಲ್ಲಿ ವೀಳ್ಯದೆಲೆ ಮಾರುತ್ತಿದ್ದಳು.

"ಅಲ್ಲಿ ಯಾರ್ ತಲೆಗ ಮುಡಿಸಿಯೆ ಅತ್ಗೆ? ಅವ್ರ್ದೆಲ್ಲ ಮೋಟು ಕೂದ್ಲು. ಗಂಡಸ್ರ ಕಿವಿಗ ಸಿಗಿಸ್ಬುಟ್ಟು ಬಾ."

"ನಿನ್ ಬಾಯ್ಗ ಒಂದ್ ಮೊಳ ಸುತ್ತಿ ಓಯ್ತಿನಿ, ತಡಿ," ಅಂದರು ಹೂವಿನಕ್ಕ.

ಆದರೆ ರಾತ್ರಿಯ ಅಡುಗೆಗೆ ಮುಂಚೆ ನಮ್ಮ ಮನೆಗೆ ಬಂದು ಕಟ್ಟೆಯ ಮೇಲೆ ಕುಳಿತಾಗ ಮುಖದಲ್ಲಿ ನಗು ಇರಲಿಲ್ಲ. ಮಾರ್ಗಶಿರದ ಬೆಳಗಿನಲ್ಲೇ ಆಕೆಯ ಬೆರಳು ಸೆಟೆಯುತ್ತಿದ್ದವು, ಒಲೆಗೆ ಕಾಯಿಸಿಕೊಂಡು ಬುಟ್ಟಿ ಹೊರುತ್ತಿದ್ದರು. ಅಲ್ಲಿಯ ಚಳಿಗೆ ಬೆರಳು ಮರಗಟ್ಟಿ ಗಂಟು ಬೀಳದೇ ಹೋದರೆ?

"ನಾನೊಬ್ಳೇ ಓಗೋದಾದ್ರ ಚಿಂತಿಲ್ಲ. ಗುಂಡ್ಲುಪೇಟೆಯೋಳು ಅಂತ ಮೊದ್ಲೇ ಬೋರ್ಡ್ ಬರ್ಸಾರಂತೆ. ಅದ್ರ ಮುಂದ ಕುಂತ್ಕಂಡು ಊವ ಉದುರ್ಸುದ್ರ ಊರ ಮರ್ವಾದೆ ಏನಾದದು?"

ಉತ್ತರ ನನ್ನ ಬಾಯಲ್ಲಿ ಬಂದರೂ ನನ್ನದಲ್ಲ, ದೇವರೇ ಹೇಳಿಸಿದ್ದು. ನಮ್ಮ ತಾಲ್ಲೂಕಿನಲ್ಲೇ ಹಿಮದ ಹೆಸರಿಟ್ಟುಕೊಂಡ ದೇವರಿದ್ದಾನೆ, ಗೋಪಾಲಸ್ವಾಮಿ. ಆ ಬೆಟ್ಟದ ಮೇಲೆ ಬೆಳಗಿನ ಮಂಜು, ಗಾಳಿ ಹೇಗಿರುತ್ತದೆಂದು ಹತ್ತಿದವರಿಗೆ ಗೊತ್ತು. ಅಲ್ಲಿ ಕುಳಿತು ಸ್ವಾಮಿಗೆ ಮಾಲೆ ಕಟ್ಟಿ ನೋಡೋಣ ಅಂದೆ.

"ಆಗ್ಲಿ. ಕಟ್ಟುದ್ರ ಓಯ್ತಿನಿ. ಆಗ್ನಿಲ್ಲ ಅಂದ್ರ ಮೇಡಮ್ಮುಗ ಒಲ್ಲೆ ಅಂತ ಯೋಳ್ಬುಡು," ಅಂದರು.

ಯಜಮಾನರು ಊಟಿಗೆ ಹೋದವರು ಸ್ವೆಟರು, ಕಾಲುಚೀಲ, ಈ ಬೂದು ಕೈಗವಸು, ಒಂದು ಮಂಕಿ ಕ್ಯಾಪು ತಂದರು. ಬೆಟ್ಟಕ್ಕೆ ಹೊರಡುವ ದಿನ ವಿಯೆನ್ನಾಕ್ಕೆ ಹೊರಟಂತೆಯೇ ಆಕೆಯನ್ನು ಸಿಂಗರಿಸಿದೆ. ಸೀರೆಯೊಳಗೆ ಉಣ್ಣೆಯ ಪೈಜಾಮ. ಕಾಲುಂಗುರ ಕಾಲುಚೀಲಕ್ಕೆ ಸಿಕ್ಕಿ ದಾರ ಕಿತ್ತಿತು. ತೆಗೆಯಿರಿ ಅಂತ ನಾನೂ ಹೇಳಲಿಲ್ಲ, ಅವರೂ ತೆಗೆಯಲಿಲ್ಲ, ಅರಿಶಿನದ ಬಟ್ಟೆ ಸುತ್ತಿ ಮೇಲೆ ಚೀಲ ಏರಿಸಿದೆವು. ಮಂಕಿ ಕ್ಯಾಪು ಮಾತ್ರ ಬೇಡವೇ ಬೇಡ ಅಂದರು. "ಊವಿನೋಳು ಊವ ಮುಡೀದೆ ಓಗದಾ? ಇದ್ರೊಳಗ ಎಲ್ಲಿ ಮುಡೀಲಿ?" ಕೊನೆಗೆ ಶಾಲು ಹೊದ್ದು, ತುರುಬು ಹೊರಗೆ ಬಿಟ್ಟುಕೊಂಡರು. ಅಳತೆ ನೋಡಲೆಂದು ಮೊಳ ಹಾಕಿದರೆ, ದಪ್ಪ ತೋಳಿನ ಸ್ವೆಟರ್ ಮಡಚಿಕೊಂಡು ಮೊಳ ಗಿಡ್ಡವಾಯಿತು. "ಇದ್ನ ಹಾಕಂಡು ಅಳದ್ರ ಜನ ಬೈತಾರೆ," ಎಂದು ತೋಳು ಮೇಲೆ ಸರಿಸಿದರು. ನಕ್ಕು ನಕ್ಕು ನನಗೆ ಹೊಟ್ಟೆ ಹಿಡಿದುಕೊಂಡಿತು.

ಯಜಮಾನರೂ ಸೇರಿ ಮೂವರೂ ಜೀಪಿನಲ್ಲಿ ಬೆಟ್ಟ ಹತ್ತಿದೆವು. ದೇವಸ್ಥಾನದ ಮೆಟ್ಟಿಲೇ ಕಾಣದಷ್ಟು ಮಂಜು. ಪ್ರಾಕಾರದ ಹೊರಗೆ, ಗಾಳಿ ನೇರವಾಗಿ ಹೊಡೆಯುವ ಕಡೆಯೇ ಬೇಕೆಂದು ಆರಿಸಿ ಕುಳಿತರು. ಕೈಗವಸು ಹಾಕಿ ನಾರು ಹಿಡಿದರೆ ನಾರೇ ಸಿಗಲಿಲ್ಲ, ಉಣ್ಣೆಗೆ ಅಂಟಿಕೊಂಡಿತು. ಬಿಚ್ಚಿ ಬರಿಗೈಯಲ್ಲಿ ಶುರು ಮಾಡಿದರು. ಸ್ವಲ್ಪ ಹೊತ್ತು ಚೆನ್ನಾಗಿಯೇ ನಡೆಯಿತು. ಆಮೇಲೆ ಅಂಗೈ ತಣ್ಣಗಾಗಿ ಬೆರಳು ಬಾಗುವುದನ್ನೇ ಬಿಟ್ಟವು. ಕಟ್ಟಿದ್ದನ್ನು ಎತ್ತಿ ಕೊಡವಿದರು. ಸೇವಂತಿಗೆಗಳು ಒಂದೊಂದಾಗಿ ಉದುರಿ ಗಾಳಿಯಲ್ಲಿ ಹುಲ್ಲಿನ ಮೇಲೆ ಉರುಳಿಕೊಂಡು ಹೋದವು.

ಆಕೆಯ ಗಂಟು ಜಾರಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಆಯ್ತಲ್ಲ. ಏಳಿ, ಮನೆಗ ಓಗನ," ಅಂದರು. ನಾನು ಒಳಗೆ ಹೋಗಿ ಸ್ವಾಮಿಯ ಮುಂದೆ ನಿಂತೆ. ಗರ್ಭಗುಡಿಯ ಮೇಲಿಂದ ತೊಟ್ಟಿಕ್ಕುವ ನೀರನ್ನೇ ಅಲ್ಲಿ ತೀರ್ಥವೆಂದು ಕೊಡುತ್ತಾರೆ, ಹಲ್ಲು ಜುಮ್ಮೆನ್ನುವಷ್ಟು ತಂಪು. ದೊಡ್ಡದೇನನ್ನೂ ಕೇಳಲಿಲ್ಲ. ಅವಳ ಬೆರಳಿಗೆ ಇಷ್ಟು ಬಿಸಿ ಕೊಡಪ್ಪಾ ಅಂದೆ, ಅಷ್ಟೆ.

ಹೊರಗೆ ಬಂದಾಗ ಯಜಮಾನರ ದನಿ ಕೇಳಿತು. "ಅಯ್ಯೋ, ಹೊಸದು ಕಣ್ರೀ ಅದು." ಹೂವಿನಕ್ಕ ನಾರು ಕತ್ತರಿಸುವ ಚಾಕುವಿನಲ್ಲಿ ಕೈಗವಸಿನ ಬೆರಳ ತುದಿಗಳನ್ನು ಒಂದೊಂದಾಗಿ ಕೊಯ್ದು ಹಾಕುತ್ತಿದ್ದರು, ಬದನೆಕಾಯಿಯ ತೊಟ್ಟು ಕೊಯ್ದ ಹಾಗೆ.

"ಊವಿಗ ತುದಿಬೆಳ್ಳು ಸಾಕು ಸ್ವಾಮಿ. ಮಿಕ್ಕ ಕೈ ಬೆಚ್ಗಿದ್ರ ತುದೀನೂ ಮಾತ್ ಕೇಳ್ತದೆ."

ಕೇಳಿತು. ಮೊದಮೊದಲು ನಿಧಾನ, ಆಮೇಲೆ ಗಿರಣಿಯ ಜಗುಲಿಯಲ್ಲಿ ಕಟ್ಟುವ ವೇಗವೇ ಬಂತು. ಮಾಲೆ ಮುಗಿದಾಗ ಎದ್ದು ನಿಂತು, ಗಾಳಿಗೆ ಅಡ್ಡ ಹಿಡಿದು ಜಾಡಿಸಿದರು. ಒಂದು ಎಸಳೂ ಬೀಳಲಿಲ್ಲ. ಆ ಮಾಲೆ ಗೋಪಾಲನ ಕೊರಳಿಗೆ ಏರಿದಾಗ ನನಗೆ ಯಾಕೋ ನನ್ನ ಮಗಳೇ ಪಾಸಾದಷ್ಟು ಹೆಮ್ಮೆಯಾಯಿತು, ಆಗಿನ್ನೂ ಮಗಳು ಹುಟ್ಟಿರಲಿಲ್ಲ.

ಪೇಟೆಯ ಟೈಲರ್ ಸಾಹೇಬರು ಗವಸಿನ ಅಂಚು ಹೊಲಿದುಕೊಟ್ಟರು. ನನ್ನ ಸೂಟ್‌ಕೇಸೇ ಹೊರಟಿತು. ನಾಲ್ಕು ಸೀರೆ, ಶಾಲು, ಚಟ್ನಿಪುಡಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ಕಿನಲ್ಲಿಟ್ಟ ಬಾಳೆನಾರಿನ ಕಂತೆ. ನಾರು ಒಣಗಬಾರದೆಂಬುದೇ ದೊಡ್ಡ ಚಿಂತೆ. ಹೂವನ್ನು ಅಲ್ಲಿಯವರೇ ಕೊಡುತ್ತಾರೆಂದು ಮೇಡಮ್ಮು ಹೇಳಿದ್ದರು. ಆದರೂ ಪುಟ್ಟಿಯಲ್ಲಿದ್ದ ದವನವನ್ನೆಲ್ಲ ಸೀರೆಗಳ ನಡುವೆ ಹರಡಿದರು. "ಗೊತ್ತಿಲ್ದ ಊರ್ನಲ್ಲಿ ಪೆಟ್ಗೆ ತಗುದ್ರ ನಮ್ಮೂರ ಗಾಳಿ ಬರ್ಲಿ." ನಾದಿನಿ ಬಸ್‌ಸ್ಟ್ಯಾಂಡಿಗೆ ಬಂದು, ಬಾಯಿ ಮುಚ್ಚಿಕೊಂಡು, ಒಂದು ಕಟ್ಟು ವೀಳ್ಯದೆಲೆ ಕೈಗಿಟ್ಟಳು.

ಮರಳಿ ಬಂದವರು ಮಾರನೆಯ ಬೆಳಗ್ಗೆಯೇ ಜಗುಲಿಯಲ್ಲಿದ್ದರು. ಬೀದಿಯ ಹೆಂಗಸರೆಲ್ಲ ಸುತ್ತುಗಟ್ಟಿದೆವು. ಅಲ್ಲಿ ಮರಗಳ ಎಲೆಯೆಲ್ಲ ಹಳದಿಯಾಗಿ ಉದುರುತ್ತಿದ್ದವಂತೆ, ಗುಡಿಸುವವರಿಗೆ ಬಿಡುವೇ ಇಲ್ಲವಂತೆ. ಕೊಟ್ಟದ್ದು ಸೇವಂತಿಗೆ, ನಮ್ಮದೇ ಸೇವಂತಿಗೆ. ಮಾಲೆ ಕಟ್ಟಿ ಮುಗಿಸಿದಾಗ ಒಬ್ಬ ಮುದುಕಿ ಮುಟ್ಟಿ ನೋಡಿ, ಎಳೆದು ನೋಡಿ, ಕಣ್ಣೊರೆಸಿಕೊಂಡು ಏನೋ ಕೇಳಿದಳಂತೆ. ಆ ದೇಶದಲ್ಲಿ ಆ ಕಾಲಕ್ಕೆ ಸೇವಂತಿಗೆಯನ್ನು ಸಮಾಧಿಗೆ ಒಯ್ಯುತ್ತಾರೆ, ಗಂಡನ ಸಮಾಧಿಗೆ ಕೇಳುತ್ತಿದ್ದಾಳೆ ಎಂದು ಮೇಡಮ್ಮು ತಿಳಿಸಿದರಂತೆ.

"ದೇವ್ರ್ಗ ಕಟ್ದಂಗ ಕಟ್ಟಿದ್ನಲ್ಲ, ಎದೆ ಜಲ್ ಅಂತು ಕಣಮ್ಮಿ. ಆಮ್ಯಾಕ, ಓಗ್ಲಿ ಬುಡು, ಮಲ್ಗಿರೋರ್ಗೂ ಊವ ಬ್ಯಾಡ್ವಾ ಅಂತ ಇನ್ನೊಂದ್ ಮೊಳ ಸೇರ್ಸಿ ಕೊಟ್ಟೆ. ಗಾಳಿ ಮಳೆಗ ಅಲ್ಲೇ ಬಿದ್ದಿರ್ತದಲ್ಲ, ಬಿಗ್ಯಾಗಿ ಎಳ್ದೆ."

ಮೂರು ದಿನ ಬಿಟ್ಟು ಆ ಮುದುಕಿ ಮತ್ತೆ ಬಂದಳಂತೆ. ಕೈಯಾಡಿಸಿ ತೋರಿಸಿದಳಂತೆ, ಒಂದು ಗಂಟೂ ಬಿಚ್ಚಿಲ್ಲ ಎಂದು. ಇದನ್ನು ಹೇಳುವಾಗ ಹೂವಿನಕ್ಕ ತಲೆ ಎತ್ತಲಿಲ್ಲ, ಕಟ್ಟುತ್ತಲೇ ಇದ್ದರು, ಕಿವಿಯ ತುದಿ ಮಾತ್ರ ಕೆಂಪಾಗಿತ್ತು. ಪಕ್ಕದಲ್ಲಿ ನಾದಿನಿ, ಯಾರೋ ಮೊಳ ಕಮ್ಮಿ ಅಂದದ್ದಕ್ಕೆ, "ನಮ್ಮತ್ಗೆ ಫಾರಿನ್ ನೋಡ್ಕ ಬಂದವ್ರೆ, ಚೌಕಾಸಿ ಮಾಡಬ್ಯಾಡಿ, ಮುಂದಕ್ ನಡೀರಿ," ಅಂದಳು.

ಸೂಟ್‌ಕೇಸ್ ಹಿಂದಿರುಗಿಸುವಾಗ ಗವಸು ಅದರಲ್ಲೇ ಇತ್ತು. ತೆಗೆದುಕೊಡಲು ಹೋದರೆ, "ಇರ್ಲಿ ಬುಡಮ್ಮಿ, ಚಳೀಗ ನೀನೂ ಒಂದಿನ ಎಲ್ಲಿಗಾರ ಓದಿಯೆ," ಅಂದರು.

ಆಕೆ ತೀರಿಕೊಂಡು ಬಹಳ ವರ್ಷವಾಯಿತು. ಅದೂ ಸೇವಂತಿಗೆಯ ಕಾಲವೇ. ಅಂಗಡಿಯ ಹಾರ ತರಲು ಹೊರಟವರನ್ನು ತಡೆದು, ನಾನೂ ನಾದಿನಿಯೂ ಕುಳಿತು ಕಟ್ಟಿದೆವು. ಅಂಜದೆ ಎಳೆದೆ. ಹೆಣ ಎತ್ತಿ, ದಾರಿಯುದ್ದಕ್ಕೂ ಅಲುಗಾಡಿಸಿಕೊಂಡು ಹೋಗುವಾಗ ನಾನು ನೋಡುತ್ತಿದ್ದದ್ದು ಆ ಮಾಲೆಯನ್ನೇ... ಬೀದಿಯ ತಿರುವು ದಾಟಿ ಕಣ್ಣಿಗೆ ಮರೆಯಾಗುವವರೆಗೂ ಒಂದು ಹೂವೂ ಉದುರಲಿಲ್ಲ.

ಗವಸು ಕೈಗೆ ಹಾಕಿಕೊಂಡೆ. ಸರಿಯಾಗಿಯೇ ಹಿಡಿಯಿತು. ಯಜಮಾನರು ಬಾಗಿಲಲ್ಲಿ ನಿಂತು ನೋಡಿ, "ಹೊಸದಾಗಿತ್ತು ಅದು," ಅಂದರು. ಹೊರಟವರು ತಿರುಗಿ, "ಕಾಶಿಗೆ ಅದನ್ನೂ ಇಟ್ಕೊ," ಅಂದರು.

ಇಟ್ಟುಕೊಂಡಿದ್ದೇನೆ, ಒಂದು ಕಂತೆ ನಾರಿನ ಜೊತೆ. ಗಂಗೆಗೆ ಒಂದು ಮೊಳ ಕಟ್ಟಿ ಬಿಡಬೇಕು. ಹೂವು ಅಲ್ಲಿ ಸಿಕ್ಕೀತು. ಕಟ್ಟಿದ್ದನ್ನು ಎತ್ತಿ ಕೊಡವಿ ನೋಡುವವರು ಮಾತ್ರ ಇಲ್ಲ.